ಕತ್ತೆಯ ಮುಂಗಾಲು

ಜೂನ್ ೩

ಪ್ರೀತಿಯ ಅಕ್ಕ,

ಲೋಕವೆಲ್ಲ ಮುಳುಗಿದ ಮೇಲೂ ಟಪಾಲು ಮಾತ್ರ ಬರಬಹುದು ಎಂದು ನಮ್ಮ ನಿರ್ದೇಶಕರು ನಿನ್ನೆ ತೀರ್ಪು ಕೊಟ್ಟರು. ಬಂದ ದಿನವೇ ಎಲ್ಲರ ಫೋನುಗಳನ್ನೂ ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡಿದ್ದಾರೆ. "ಪ್ರಪಂಚ ಮುಗಿದುಹೋಗಿದೆ. ಇನ್ಯಾರಿಗೆ ಫೋನ್ ಮಾಡ್ತೀರಿ?" ಎಂದು ಕೇಳಿದರು. "ನಮ್ಮಕ್ಕನಿಗೆ" ಅಂದೆ. ನಗಲಿಲ್ಲ. ಕೊನೆಗೆ ವಾರಕ್ಕೊಮ್ಮೆ ಬರುವ ನೀರಿನ ಲಾರಿಯ ಡ್ರೈವರ್ ಕೈಯಲ್ಲಿ ಪತ್ರ ಕಳಿಸಿಕೋ ಎಂದು ಒಪ್ಪಿದರು. ಅವನು ಪೇಟೆಗೆ ಹೋಗಿ ಡಬ್ಬಿಗೆ ಹಾಕಬೇಕು, ಅದು ನಿನ್ನನ್ನು ಮುಟ್ಟಬೇಕು. ಆದ್ದರಿಂದ ನಿಧಾನವಾದರೆ ಬೈಯಬೇಡ.

ನಾವಿರುವುದು ಮುಚ್ಚಿಹೋದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ಬೂದಿ ಬಣ್ಣ ಬಿಟ್ಟರೆ ಬೇರೆ ಬಣ್ಣವಿಲ್ಲ. ಕಥೆ ನಿನಗೆ ಗೊತ್ತಲ್ಲ: ಧೂಳಿನ ಬಿರುಗಾಳಿ ಎದ್ದು ಬೆಳೆಯೆಲ್ಲ ಸತ್ತು, ಊರುಗಳೆಲ್ಲ ಖಾಲಿಯಾಗಿ, ಕೊನೆಗೆ ಒಬ್ಬ ಹೆಂಗಸು ಉಳಿಯುತ್ತಾಳೆ. ಅವಳೇ ನಾನು. ಇಡೀ ಸಿನಿಮಾದಲ್ಲಿ ನನಗೆ ಮಾತೇ ಇಲ್ಲ. ನನ್ನೊಡನೆ ಯಾರೂ ಮಾತಾಡಕೂಡದು ಎಂದೂ ಅಪ್ಪಣೆಯಾಗಿದೆ, ಒಂಟಿತನ ಮುಖಕ್ಕೆ ಇಳಿಯಲಿ ಅಂತ. ಬೆಳಿಗ್ಗೆ ಒಂದು ಮೊಟ್ಟೆ, ಸಂಜೆ ಬೇಯಿಸಿದ ತರಕಾರಿ. ನನ್ನನ್ನು ಗುಂಡು ಎಂದು ಕರೆಯುವ ನಿನ್ನ ಬಾಯಿಗೆ ಸದ್ಯದಲ್ಲೇ ಹೊಸ ಹೆಸರು ಹುಡುಕಬೇಕಾಗುತ್ತದೆ.

ಆದರೆ ಅಕ್ಕ, ಎರಡು ದಿನದಿಂದ ಒಂದು ಕುರ್ಚಿ ನನ್ನ ಪ್ರಾಣ ತಿನ್ನುತ್ತಿದೆ. ದೃಶ್ಯ ಇಷ್ಟೇ: ಅವಳು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಬೇಕು. ನಾನು ಎದ್ದೆ. "ಊಟ ಮುಗಿಸಿ ಕೈ ತೊಳೆಯೋಕೆ ಹೋಗೋರ ಥರ ಏಳ್ತಿದ್ದೀರಿ" ಅಂದರು. ಮತ್ತೆ ಎದ್ದೆ. ಬೆಳಕು ಹೋಗುವವರೆಗೂ ಏಳುತ್ತಲೇ ಇದ್ದೆ.

ನಾಟಕ ಕಂಪನಿಯಲ್ಲಿ ನಾವಿಬ್ಬರೂ ಕತ್ತೆಯ ಚರ್ಮದೊಳಗೆ ಹೊಕ್ಕು ಆಡುತ್ತಿದ್ದೆವಲ್ಲ, ಆಗ ನನಗೆ ಏನೂ ಕಾಣುತ್ತಿರಲಿಲ್ಲ. ನಿನ್ನ ಸೊಂಟ ಹಿಡಿದುಕೊಂಡು, ನೀನು ಎಡ ಎಂದರೆ ಎಡಕ್ಕೆ, ಬಲ ಎಂದರೆ ಬಲಕ್ಕೆ. ಈಗಲೂ ನನ್ನ ಗತಿ ಅದೇ ಆಗಿದೆ. ಹೇಳು, ಈ ಕುರ್ಚಿಯಿಂದ ಹೇಗೆ ಏಳಲಿ?

ಆಟ ಮುಗಿದು ಬಣ್ಣ ಒರೆಸುವುದಕ್ಕೂ ಮೊದಲು "ಎಷ್ಟು ಜನ ನಕ್ಕರು?" ಎಂದು ಕೇಳುತ್ತಿದ್ದೆ ನೀನು. ಇಲ್ಲಿ ಆ ಲೆಕ್ಕ ಬಹಳ ಸುಲಭ. ಒಬ್ಬರೂ ಇಲ್ಲ.

ನಿನ್ನ ಹಿಂಗಾಲು

&nbsp;

ಜೂನ್ ೧೫

ಗುಂಡು,

ನಿನ್ನ ಪತ್ರ ಬಂದಾಗ ನಾನು ರಾಜನ ಗಡ್ಡಕ್ಕೆ ಅಂಟು ಹಚ್ಚುತ್ತಿದ್ದೆ. ಶಾಲೆಯವರು ನಮ್ಮ ವೇಷದ ಪೆಟ್ಟಿಗೆಯಿಂದ ಬಾಡಿಗೆಗೆ ಒಯ್ದು ವಾಪಸು ತಂದಾಗ ಅರ್ಧ ಗಡ್ಡ ಮಾತ್ರ ಉಳಿದಿತ್ತು. ಉಳಿದರ್ಧ ಎಲ್ಲಿ ಎಂದರೆ, "ಮಂತ್ರಿಗೆ ಹಾಕಿದ್ವಿ ಮೇಡಂ, ಅವನಿಗೂ ಬೇಕು ಅಂತ ಅಳ್ತಿದ್ದ" ಅಂದರು. ಅಂಥ ರಾಜ್ಯ ಉದ್ಧಾರವಾಗುತ್ತದೆಯೇ?

ಉತ್ತರ ತಡವಾಯಿತು. ಒಂದು ದೊಡ್ಡ ಕಟ್ಟಡಕ್ಕೆ ಹೋಗಿ ಬರುವುದಿತ್ತು, ನಿನ್ನ ಭಾವನೂ ಬಂದಿದ್ದರು. ಉದ್ದ ಸಾಲು, ಎಲ್ಲರ ಕೈಯಲ್ಲೂ ಚೀಟಿ. ಜೀವಮಾನವೆಲ್ಲ ವೇಷ ಹೊಲಿಯಲು ಬೇರೆಯವರ ಅಳತೆ ತೆಗೆದವಳಿಗೆ ಈ ಸಲ ಅವರು ಅಳತೆ ತೆಗೆದರು, ಒಳಗಿಂದ ಹೊರಗಿಂದ ಎಲ್ಲ ಕಡೆಯಿಂದಲೂ. ಅದು ಬಿಡು.

ಕುರ್ಚಿಯ ವಿಷಯಕ್ಕೆ ಬರುತ್ತೇನೆ. ನೀನು ಕಾಲಿನಿಂದ ಏಳುತ್ತಿದ್ದೀಯ, ಅದೇ ತಪ್ಪು. ಹೊಟ್ಟೆಗೆ ಇಲ್ಲದವಳು ಮೊದಲು ಕಣ್ಣಿನಿಂದ ಏಳುತ್ತಾಳೆ. ಕಿಟಕಿ ಎಷ್ಟು ದೂರ ಇದೆ ನೋಡುತ್ತಾಳೆ. ನಡುವೆ ಹಿಡಿದುಕೊಳ್ಳಲು ಏನೇನಿದೆ ನೋಡುತ್ತಾಳೆ: ಮೇಜಿನ ಅಂಚು, ಗೋಡೆ, ಬಾಗಿಲ ಚೌಕಟ್ಟು. ಅಷ್ಟು ದೂರ ಹೋಗಲೇಬೇಕಾ ಎಂದು ತನ್ನೊಳಗೇ ಚೌಕಾಸಿ ಮಾಡುತ್ತಾಳೆ. ಎಷ್ಟೋ ಸಲ ಚೌಕಾಸಿಯಲ್ಲಿ ಸೋತು ಕೂತೇ ಬಿಡುತ್ತಾಳೆ. ಎದ್ದಳೋ, ಎದ್ದ ಜಾಗದಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಕೋಣೆ ಅವಳ ಜೊತೆಗೇ ಏಳುವುದಿಲ್ಲ ನೋಡು, ಸ್ವಲ್ಪ ಹಿಂದೆ ಉಳಿದು ಆಮೇಲೆ ಬರುತ್ತದೆ. ಅದು ಬಂದು ಸೇರಲಿ ಎಂದು ಕಾಯುತ್ತಾಳೆ. ಮುಖದಲ್ಲಿ ನೋವು ಗೀವು ತೋರಿಸಬೇಡ. ನೋವು ತೋರಿಸುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡ. ಕೆಲಸದವಳು, ಜಿಪುಣನ ಹೆಂಡತಿ, ಕತ್ತೆಯ ಮುಂಗಾಲು, ಇಷ್ಟರಲ್ಲೇ ನನ್ನ ಕಾಲ ಮುಗಿಸಿದರು. ಒಂದೇ ಒಂದು ಗಂಭೀರ ಪಾತ್ರ ಕೊಡಲಿಲ್ಲ. ಅದಕ್ಕೇ ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ ಅಂತ ಇಟ್ಟುಕೋ. ನಾನು ಹೇಳಿಕೊಟ್ಟೆ ಎಂದು ನಿನ್ನ ನಿರ್ದೇಶಕರಿಗೆ ಹೇಳಬೇಡ. ಹಾಸ್ಯದವಳು ಹೇಳಿದ್ದು ಅಂದರೆ ಅವರಿಗೆ ಅದು ರುಚಿಸುವುದಿಲ್ಲ.

ಭಾವ ಪಕ್ಕದಲ್ಲಿ ಡೋಲಿನ ಹಗ್ಗ ಬಿಗಿಯುತ್ತಿದ್ದಾರೆ. ನಿನ್ನನ್ನು ಕೇಳಿದ್ದಾರೆ.

ನಿನ್ನ ಮುಂಗಾಲು

&nbsp;

ಜೂನ್ ೨೪

ನನ್ನ ಬಂಗಾರದ ಅಕ್ಕ,

ಕುರ್ಚಿ ಸೋತಿತು! ನೀನು ಹೇಳಿದ ಹಾಗೆ ಮೊದಲು ಕಣ್ಣಿನಿಂದ ಎದ್ದೆ, ಚೌಕಾಸಿ ಮಾಡಿದೆ, ಒಂದು ಸಲ ಸೋತು ಕೂತೆ, ಮತ್ತೆ ಎದ್ದು ಕೋಣೆಗಾಗಿ ಕಾದೆ. ಮುಗಿದ ಮೇಲೆ ಯಾರೂ 'ಕಟ್' ಎನ್ನಲಿಲ್ಲ. ತಿರುಗಿ ನೋಡಿದರೆ ಧ್ವನಿ ಹಿಡಿಯುವವನು ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. ನಿರ್ದೇಶಕರು ಹತ್ತಿರ ಬಂದು, "ಇದು ಎಲ್ಲಿಂದ ಬಂತು ನಿಮಗೆ?" ಎಂದು ಕೇಳಿದರು. ನಾನು ಸುಮ್ಮನೆ ನಕ್ಕೆ. ಹೇಳಬೇಡ ಎಂದವಳು ನೀನೇ, ಆದರೂ ಆ ನಗು ಸ್ವಲ್ಪ ಕಳ್ಳ ನಗುವೇ ಆಗಿತ್ತು.

ಈಗ ಬಾಯಿಗೆ ರುಚಿ ಹತ್ತಿದೆ, ಇನ್ನೂ ಬೇಕು. ಮೆಟ್ಟಿಲು ಹತ್ತುವುದು ಹೇಗೆ? ನೀರು ಕುಡಿಯುವುದು ಹೇಗೆ? ಕೈಗಳು ಏನು ಮಾಡುತ್ತವೆ? ಸಣ್ಣ ಸಣ್ಣದನ್ನೂ ಬಿಡದೆ ಬರೆ. ನಿನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿಸಿಯೇ ಬಿಡುತ್ತೇನೆ.

ಅಂದ ಹಾಗೆ, ಅಳತೆ ತೆಗೆದರು ಎಂದೆಯಲ್ಲ, ಯಾವ ಕಂಪನಿ ಅದು? ನಿನಗೆ ಪಾತ್ರ ಸಿಕ್ಕಿದೆ, ಬಾಯಿ ಬಿಡುತ್ತಿಲ್ಲ. ನನಗೆ ವಾಸನೆ ಬಡಿಯಿತು. ಇಲ್ಲದಿದ್ದರೆ ನೀನು ಮನೆಯಲ್ಲಿ ಕೂತು ಅಭ್ಯಾಸ ಮಾಡುವ ಪೈಕಿಯೇ? ಮುಚ್ಚಿಡಬೇಡ, ನನ್ನಾಣೆ.

ನಿನ್ನ ಹಿಂಗಾಲು

&nbsp;

ಜುಲೈ ೫

ಗುಂಡು,

ಕಳ್ಳಿ, ಕಂಡುಹಿಡಿದುಬಿಟ್ಟೆ. ಹೌದು, ಪಾತ್ರ ಸಿಕ್ಕಿದೆ. ಗಂಭೀರ ಪಾತ್ರವೇ. ಮಾತು ಕಡಿಮೆ, ಹೆಚ್ಚಾಗಿ ಮಲಗಿಯೇ ಇರಬೇಕು. ಎಷ್ಟು ದಿನದ ಆಟ ಎಂದು ಕೇಳಿದರೆ ಅವರೂ ಸರಿಯಾಗಿ ಹೇಳುತ್ತಿಲ್ಲ. ಇನ್ನು ಇದರ ಬಗ್ಗೆ ಕೇಳಬೇಡ.

ಮೆಟ್ಟಿಲು ಕೇಳಿದೆ. ನಮ್ಮ ಮನೆ ಇಸ್ತ್ರಿ ಅಂಗಡಿಯ ಮೇಲಿದೆಯಲ್ಲ, ಆ ಮೆಟ್ಟಿಲನ್ನೇ ಮನಸ್ಸಿಗೆ ತಂದುಕೋ. ಹತ್ತುವವಳು ಮೇಲೆ ನೋಡುವುದಿಲ್ಲ. ಮೇಲೆ ನೋಡಿದರೆ ಮುಗಿಯಿತು, ಅಲ್ಲೇ ಕೂತುಬಿಡುತ್ತಾಳೆ. ಪಾದವನ್ನೇ ನೋಡುತ್ತಾಳೆ, ಅದು ಬೇರೆ ಯಾರದೋ ಪಾದ ಎಂಬಂತೆ. ನಡುವೆ ನಿಂತಾಗ ಸುಸ್ತಾಗಿ ನಿಂತೆ ಎಂದು ತೋರಿಸಿಕೊಳ್ಳುವುದಿಲ್ಲ. ಮೆಟ್ಟಿಲ ಕಂಬಿಯ ಮೇಲಿನ ಧೂಳು ಒರೆಸುತ್ತಾಳೆ, ಸೆರಗು ಸರಿಮಾಡುತ್ತಾಳೆ, ಇಸ್ತ್ರಿಯವನಿಗೆ "ಏನಪ್ಪ, ಇವತ್ತು ಬಟ್ಟೆ ಜಾಸ್ತಿನಾ?" ಅನ್ನುತ್ತಾಳೆ. ನಿನ್ನ ಹೆಂಗಸಿಗೆ ಇಸ್ತ್ರಿಯವನಿಲ್ಲ, ಆದರೂ ಒಬ್ಬಳೇ ಇದ್ದಾಗಲೂ ಅವಳು ಸುಳ್ಳು ನೆಪ ಹುಡುಕುತ್ತಾಳೆ. ಮರ್ಯಾದೆ ಹಸಿವಿಗಿಂತ ನಿಧಾನವಾಗಿ ಸಾಯುತ್ತದೆ ಕಣೇ.

ನೀರನ್ನು ಬಾಯಲ್ಲಿ ಇಟ್ಟುಕೊಂಡು ಧೈರ್ಯ ಬರುವವರೆಗೂ ಕಾಯುತ್ತಾಳೆ. ಗಟಗಟ ಕುಡಿಸಬೇಡ. ನುಂಗುವಾಗ ಕತ್ತು ಸ್ವಲ್ಪ ಎಡಕ್ಕೆ ವಾಲುತ್ತದೆ, ಆ ಕಡೆಯಿಂದ ದಾರಿ ಇದೆಯೇನೋ ಎಂಬ ಹಾಗೆ. ಕೈಗಳು ಸುಮ್ಮನಿರುವುದಿಲ್ಲ. ಉಂಗುರವಿದ್ದರೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಇರುತ್ತಾಳೆ, ಜಾರದಿರಲಿ ಎಂದು. ನಾನು ನನ್ನದಕ್ಕೆ ನೂಲು ಸುತ್ತಿದ್ದೇನೆ. ಪಾತ್ರಕ್ಕಾಗಿ.

ಇನ್ನೊಂದು. ಅವಳಿಗೆ ಬೇರೆಯವರು ತಿನ್ನುವುದನ್ನು ನೋಡುವುದು ಇಷ್ಟವಾಗುತ್ತದೆ. ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ನಿನ್ನ ಭಾವ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವಾಗ ನಾನು ಎದುರಿಗೆ ಕೂತು ನೋಡುತ್ತೇನೆ. ಅವರು ನಾಚಿಕೊಂಡು ಗೋಡೆಯ ಕಡೆ ತಿರುಗುತ್ತಾರೆ. "ಈ ಕಡೆ ತಿರುಗ್ರಿ, ನನ್ನ ಸಿನಿಮಾ ಅದು" ಅನ್ನುತ್ತೇನೆ.

ಚೆನ್ನಾಗಿ ಮಾಡು. ತರಕಾರಿಯನ್ನಾದರೂ ಪೂರ್ತಿ ತಿನ್ನು.

ನಿನ್ನ ಮುಂಗಾಲು

&nbsp;

ಜುಲೈ ೧೪

ಅಕ್ಕ,

ಮೆಟ್ಟಿಲ ದೃಶ್ಯ ನೋಡಿ ನಿರ್ದೇಶಕರು ಮೊದಲ ಸಲ ನನ್ನ ಭುಜ ತಟ್ಟಿದರು. ಕಾರ್ಖಾನೆಯ ಕಬ್ಬಿಣದ ಮೆಟ್ಟಿಲ ನಡುವೆ ನಿಂತು ಕಂಬಿಯ ಧೂಳು ಒರೆಸಿದೆ. ಲೋಕವೇ ಧೂಳಾಗಿರುವಾಗ ಅಷ್ಟು ಜಾಗದ ಧೂಳು ಒರೆಸುವ ಹೆಂಗಸು! ಇದನ್ನು ಬರೆದು ಮಾಡಿಸಲು ಆಗುವುದಿಲ್ಲ ಎಂದರು.

ನಿನ್ನ ಪಾತ್ರದ ಸುದ್ದಿ ಓದಿ ಕುಣಿದೆ. ಇಷ್ಟು ವರ್ಷಕ್ಕೆ ಒಬ್ಬನಿಗಾದರೂ ಕಣ್ಣು ಬಂತಲ್ಲ. ಅದಿರಲಿ, ನಿನ್ನ ಅಕ್ಷರ ಯಾಕೆ ಹೀಗೆ ಇಳಿಜಾರಿನಲ್ಲಿ ಓಡುತ್ತಿದೆ? ರಾಣಿಯವರು ಮಲಗಿಕೊಂಡೇ ಪತ್ರ ಬರೆಯುವ ಹಂತಕ್ಕೆ ಬಂದರೋ?

ನಿನ್ನೆ ಗೋಣಿಚೀಲ ಹೊದ್ದು ತೆವಳುವ ದೃಶ್ಯವಿತ್ತು. ಒಳಗೆ ಕತ್ತಲು, ಬೆವರ ವಾಸನೆ. ಇದ್ದಕ್ಕಿದ್ದಂತೆ ಅಮ್ಮ ಹೋದ ಸಂಜೆ ನೆನಪಾಯಿತು. ಮ್ಯಾನೇಜರಿಗೆ ಸುದ್ದಿ ಬಂದಾಗ ನಾವಿಬ್ಬರೂ ಕತ್ತೆಯೊಳಗಿದ್ದೆವು. ಪರದೆ ಬೀಳುವವರೆಗೆ ನಟರಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ಕಂಪನಿಯ ನಿಯಮ. ಒಂದು ಗಂಟೆ ಆ ಮನುಷ್ಯ ಪಕ್ಕದಲ್ಲೇ ನಿಂತು ನಮ್ಮನ್ನು ಕುಣಿಯಲು ಬಿಟ್ಟ. ನನ್ನ ಅಮ್ಮ ಸತ್ತಿದ್ದಾಳೆ, ನಾನು ಬಾಲ ಅಲ್ಲಾಡಿಸುತ್ತಿದ್ದೇನೆ. ಆ ನಿಯಮವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈಗ ಮುಖ್ಯ ವಿಷಯ. ಕೊನೆಯ ದೃಶ್ಯ ಇರುವುದು ತಟ್ಟೆಯ ಮೇಲೆ. ಅಷ್ಟು ತಿಂಗಳ ಹಸಿವಿನ ನಂತರ ಯಾರೋ ಒಬ್ಬರು ಅವಳ ಮುಂದೆ ಬಿಸಿ ಊಟದ ತಟ್ಟೆ ಇಡುತ್ತಾರೆ. ಕೈ ಮಾತ್ರ ಕಾಣುತ್ತದೆ. ಇಡೀ ಸಿನಿಮಾ ಆ ತಟ್ಟೆಗಾಗಿಯೇ ಇದೆ. ಅವಳು ಏನು ಮಾಡುತ್ತಾಳೆ?

ನಿನ್ನ ಹಿಂಗಾಲು

&nbsp;

ಜುಲೈ ೨೩

ಗುಂಡು,

ಆ ಸಂಜೆಯ ಬಗ್ಗೆ ನಿನಗೆ ಕೋಪ. ನನಗೆ ಎಂದೂ ಬರಲಿಲ್ಲ. ಊರಿಗೆಲ್ಲ ಅಮ್ಮ ಹೋಗಿದ್ದಳು, ನಮಗಿಬ್ಬರಿಗೆ ಮಾತ್ರ ಇನ್ನೂ ಒಂದು ಗಂಟೆ ಇದ್ದಳು. ಮನೆಗೆ ಹೋದರೆ ಬಾಗಿಲು ತೆರೆಯುತ್ತಾಳೆ ಎಂದುಕೊಂಡೇ ಕುಣಿದೆವು. ಮ್ಯಾನೇಜರು ಕೊಟ್ಟ ಆ ಒಂದು ಗಂಟೆಯನ್ನು ನಾನು ಯಾರಿಗೂ ವಾಪಸು ಕೊಡುವುದಿಲ್ಲ.

ತಟ್ಟೆಯ ವಿಷಯ. ಅವಳು ಅದರ ಮೇಲೆ ಬೀಳುವುದಿಲ್ಲ. ಅಳುವುದಂತೂ ಇಲ್ಲವೇ ಇಲ್ಲ, ನಿನ್ನ ನಿರ್ದೇಶಕರು ಅಳಿಸಲು ನೋಡುತ್ತಾರೆ, ಒಪ್ಪಬೇಡ. ಮೊದಲು ಹೆದರಿಕೆ. ತಟ್ಟೆಯಿಂದ ಸ್ವಲ್ಪ ಹಿಂದಕ್ಕೆ ಸರಿಯುತ್ತಾಳೆ. ಆಮೇಲೆ ವಾಸನೆ. ಕಣ್ಣು ಮುಚ್ಚಿ ವಾಸನೆಯನ್ನೇ ಒಂದಿಷ್ಟು ಹೊತ್ತು ತಿನ್ನುತ್ತಾಳೆ. ಆಮೇಲೆ ಕಣ್ಣು ಬಿಟ್ಟು ತಟ್ಟೆ ನೋಡುತ್ತಾಳೆ. ತಟ್ಟೆ ಅವಳನ್ನು ನೋಡುತ್ತದೆ.

ಆಗ ನಗುತ್ತಾಳೆ.

ದೊಡ್ಡ ನಗುವಲ್ಲ. ಮೂಗಿನಿಂದ ಒಂದು ಸಣ್ಣ ಉಸಿರು, ಆಮೇಲೆ ತಡೆಯಲಾರದೆ ಭುಜ ಅಲುಗುವ ನಗು. ಎಷ್ಟು ದಿನ ಇದಕ್ಕಾಗಿ ಬಾಯಿಬಾಯಿ ಬಿಟ್ಟಳು, ಈಗ ಇಗೋ ಬಂದು ಕೂತಿದೆ, ಬಿಸಿಯಾಗಿ, ಉಪ್ಪು ಸರಿಯಾಗಿ, ಆದರೆ ಅವಳ ಒಳಗೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ಇದಕ್ಕಿಂತ ದೊಡ್ಡ ತಮಾಷೆ ನಮ್ಮ ಕಂಪನಿ ಆಡಿದ ಯಾವ ಪ್ರಹಸನದಲ್ಲಿತ್ತು ಹೇಳು. ತಟ್ಟೆ ಇಟ್ಟವರ ಮುಖ ನೋಡಿದರಂತೂ ಇನ್ನೂ ನಗು ಬರುತ್ತದೆ. ಪಾಪ, ಅವರು ಎಷ್ಟು ಆಸೆಯಿಂದ ಇಟ್ಟಿರುತ್ತಾರೆ.

ಬೇರೆ ಏನನ್ನಾದರೂ ಬಿಡು, ಇದನ್ನು ಬಿಡಬೇಡ. ಇದು ನನ್ನ ಹತ್ತಿರ ಇರುವುದರಲ್ಲೆಲ್ಲ ಒಳ್ಳೆಯದು.

ನಿನ್ನ ಮುಂಗಾಲು

&nbsp;

ಆಗಸ್ಟ್ ೧

ಅಕ್ಕ,

ನಿನ್ನ ನಗುವನ್ನು ಮಾಡಿ ತೋರಿಸಿದೆ. ನಿರ್ದೇಶಕರು ಇನ್ನೊಮ್ಮೆ ಮಾಡಿಸಿ ನೋಡಿದರು. ಆಮೇಲೆ, "ಇದುವರೆಗೆ ಮಾಡಿದ್ದೆಲ್ಲ ನಿಜ ಇತ್ತು. ಇದು ನಾಟಕ" ಅಂದರು. ಸೆಟ್ಟಿನವರೆಲ್ಲ ಕೇಳುತ್ತಿದ್ದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ರಾತ್ರಿಯೆಲ್ಲ ಯೋಚಿಸಿದೆ. ಅವರು ಹೇಳಿದ್ದು ಸರಿ. ಅಕ್ಕ, ನಿನಗೆ ಯಾವುದನ್ನೂ ನಗಿಸದೆ ಬಿಡಲು ಆಗುವುದಿಲ್ಲ. ಸಾವಿನ ಮನೆಗೆ ಹೋದರೂ ಅಲ್ಲಿ ನಾಲ್ಕು ಜನ ನಗಬೇಕು ನಿನಗೆ. ಕುರ್ಚಿ, ಮೆಟ್ಟಿಲು, ನೀರು, ಅಷ್ಟು ಚೆನ್ನಾಗಿ ಹೇಳಿದವಳು ಕೊನೆಗೆ ನಿನ್ನ ಹಳೆಯ ಚಾಳಿಯನ್ನು ನನ್ನ ಸಿನಿಮಾದ ಅತಿ ಮುಖ್ಯ ಜಾಗಕ್ಕೆ ತಂದು ಸುರಿದೆ.

ಇನ್ನೊಂದು ಮಾತು ಬರೆಯುತ್ತೇನೆ, ಬರೆಯದಿದ್ದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ. ನಿನಗೆ ಪಾತ್ರ ಸಿಕ್ಕಿದೆ, ಅದೇನೆಂದು ನನಗೆ ಹೇಳುವುದಿಲ್ಲ, ನನ್ನದರಲ್ಲಿ ಮಾತ್ರ ಕೈ ಆಡಿಸುತ್ತೀಯ. ಗಂಭೀರ ಪಾತ್ರ ಮೊದಲು ನನಗೆ ಸಿಕ್ಕಿತು ಎಂದು ನಿನಗೆ ಹೊಟ್ಟೆಕಿಚ್ಚೇ? ಇನ್ನು ಎಷ್ಟು ದಿನ ನಾನು ನಿನ್ನ ಸೊಂಟ ಹಿಡಿದುಕೊಂಡೇ ನಡೆಯಬೇಕು?

ಇಪ್ಪತ್ತೆಂಟಕ್ಕೆ ತಟ್ಟೆಯ ದೃಶ್ಯ, ಅಂದೇ ಕೊನೆಯ ದಿನ. ನಾನು ನಗುವುದಿಲ್ಲ.

ತಂಗಿ

&nbsp;

ಆಗಸ್ಟ್ ೯

ಗುಂಡು,

ಭಾವನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಬೆರಳಿಗೆಲ್ಲ ಗಡ್ಡದ ಅಂಟು ಮೆತ್ತಿದೆ.

ನಗು ಬೇಡವಾದರೆ ಬಿಡು. ಅವರ ಸಿನಿಮಾ, ಅವರಿಗೆ ಬೇಕಾದ್ದು ಮಾಡಿಸಿಕೊಳ್ಳಲಿ. ಇಪ್ಪತ್ತೆಂಟು ಅಂದೆಯಲ್ಲ, ಸರಿ. ಅಲ್ಲಿಯವರೆಗೆ ಮನಸ್ಸು ಆ ಕಡೆ ಈ ಕಡೆ ಹರಿಸಬೇಡ. ಕತ್ತೆಯ ಚರ್ಮ ಬಿಸಿಲಿಗೆ ಹಾಕಿಸಿದೆ. ಹಿಂಗಾಲಿನ ಕಡೆ ಇಲಿ ಕಡಿದಿತ್ತು, ಹೊಲಿದಿದ್ದೇನೆ.

ನಿನ್ನ ಮೇಲೆ ನನಗೆ ಕೋಪ ಬಂದಿದ್ದು ಯಾವಾಗ?

ಮುಂಗಾಲು

&nbsp;

ಆಗಸ್ಟ್ ೧೬

ಅಕ್ಕ,

ನಾಲ್ಕು ಸಾಲು, ಅದೂ ಭಾವನ ಕೈಯಲ್ಲಿ. ಬೆರಳಿಗೆ ಅಂಟಂತೆ. ನನ್ನ ಮೇಲೆ ಸಿಟ್ಟು ಬಂದರೆ ಬೈದು ಬರೆ, ಅದು ನನಗೆ ಅಭ್ಯಾಸವಿದೆ. ಹೀಗೆ ಬೇರೆಯವರ ಅಕ್ಷರದಲ್ಲಿ ತಣ್ಣಗೆ ಮಾತಾಡಬೇಡ.

ಮೂರು ಸಲ ಓದಿದ ಮೇಲೆ ಇಲಿ ಕಡಿದದ್ದನ್ನು ಹೊಲಿದೆ ಎಂಬ ಸಾಲಿನಲ್ಲಿ ಅಳು ಬಂತು. ಹೊಟ್ಟೆಕಿಚ್ಚು ಎಂದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಇಲ್ಲಿ ಯಾರೂ ನನ್ನೊಡನೆ ಮಾತಾಡುವುದಿಲ್ಲ, ಒಮ್ಮೆ ತಲೆ ತಿರುಗಿ ಬಿದ್ದೂ ಇದ್ದೆ, ನೀನು ಗಾಬರಿಯಾಗುತ್ತೀಯ ಎಂದು ಬರೆಯಲಿಲ್ಲ. ಹಸಿವಿನಲ್ಲಿ ನಾಲಿಗೆ ಉದ್ದವಾಯಿತು. ನನಗೆ ನಿನ್ನ ಪತ್ರ ಬಿಟ್ಟರೆ ಬೇರೆ ಊಟವಿಲ್ಲ ಅಕ್ಕ. ಬೇಗ ಬರೆ, ನಿನ್ನ ಕೈಯಲ್ಲೇ ಬರೆ.

ನಿನ್ನ ಹಿಂಗಾಲು

&nbsp;

ಆಗಸ್ಟ್ ೨೫

ಅಕ್ಕ,

ಲಾರಿ ಬಂತು. ನೀರು ಬಂತು, ತರಕಾರಿ ಬಂತು, ನಿನ್ನದು ಬರಲಿಲ್ಲ. ಡ್ರೈವರ್ ಸೀಟಿನ ಕೆಳಗೂ ಹುಡುಕಿಸಿದೆ.

ಸೋತು ಬರೆದ ಮೇಲೂ ಇಷ್ಟು ಹಟವೇ? ಸರಿ. ನಿನ್ನ ದೊಡ್ಡ ಪಾತ್ರದ ಗಡಿಬಿಡಿಯಲ್ಲಿ ತಂಗಿ ಯಾಕೆ ನೆನಪಾಗುತ್ತಾಳೆ. ಇನ್ನು ಮೂರು ದಿನಕ್ಕೆ ತಟ್ಟೆ. ನೀನಿಲ್ಲದೆಯೂ ನನಗೆ ನಡೆಯಲು ಬರುತ್ತದೆ ಎಂದು ನಿನಗೆ ತೋರಿಸುತ್ತೇನೆ.

ತಂಗಿ

&nbsp;

ಆಗಸ್ಟ್ ೨೮

ಗುಂಡು,

ನಾನು, ನಿನ್ನ ಭಾವ. ನನಗೆ ಬಾರಿಸಲು ಬರುತ್ತದೆ, ಬರೆಯಲು ಬರುವುದಿಲ್ಲ. ಇವತ್ತು ನಿನ್ನ ಕೊನೆಯ ದೃಶ್ಯ ಮುಗಿದಿರುತ್ತದೆ. ಪರದೆ ಬಿತ್ತು, ಈಗ ಹೇಳಬಹುದು.

ಅಕ್ಕ ಇಪ್ಪತ್ತನೇ ತಾರೀಖು ಬೆಳಿಗ್ಗೆ ಹೋದಳು. ಅನ್ನನಾಳದಲ್ಲಿ ಗಡ್ಡೆ ಬೆಳೆದಿತ್ತು. ನೀನು ಹೊರಡುವ ಮೊದಲೇ ಅವಳಿಗೆ ನುಂಗಲು ಕಷ್ಟವಾಗುತ್ತಿತ್ತು, ಆಮೇಲೆ ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಎಂದರು. ನಿನ್ನನ್ನು ಕರೆಸುತ್ತೇನೆ ಎಂದು ಎಷ್ಟೋ ಸಲ ಜಗಳವಾಡಿದೆ. ನನ್ನ ಕೈಯನ್ನು ಡೋಲಿನ ಮೇಲೆ ಇಡಿಸಿ ಆಣೆ ಮಾಡಿಸಿಕೊಂಡಳು. "ಪರದೆ ಬೀಳೋವರೆಗೂ ಅವಳಿಗೆ ಅಕ್ಕ ಇರ್ಲಿ ಬಿಡಿ" ಅಂದಳು. ಆಣೆ ಮುರಿಯಲು ನನಗೆ ಆಗಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ.

ನಿನ್ನ ಪತ್ರವೊಂದು ಇಪ್ಪತ್ತೆರಡಕ್ಕೆ ಬಂತು. ಅವಳ ಹೆಸರಿಗಿದೆ, ನಾನು ಒಡೆದಿಲ್ಲ.

ಬಾ.

ಭಾವ

&nbsp;

ಮಾರ್ಚ್ ೧೧

ಅಕ್ಕ,

ಇದನ್ನು ಯಾವ ಲಾರಿಯಲ್ಲಿ ಕಳಿಸಲಿ? ಆ ಎರಡು ಒಡೆಯದ ಪತ್ರಗಳ ಜೊತೆ ಇದನ್ನೂ ಕತ್ತೆಯ ತಲೆಯೊಳಗೆ ಇಡುತ್ತೇನೆ. ಆ ಎರಡನ್ನೂ ನಾನೂ ಒಡೆದಿಲ್ಲ. ಒಂದರಲ್ಲಿ ಕ್ಷಮೆ ಇದೆ, ಇನ್ನೊಂದರಲ್ಲಿ ಬೈಗುಳ ಇದೆ. ಬೈಗುಳ ಬರೆಯುವ ಹೊತ್ತಿಗೆ ನೀನು ಹೋಗಿ ಐದು ದಿನವಾಗಿತ್ತು.

ಮೊದಲ ತಿಂಗಳು ನಾನು ಭಾವನ ಮುಖ ನೋಡಲಿಲ್ಲ. ನಿನ್ನ ಮುಖವೂ ಸಿಗಲಿಲ್ಲ ಬೈಯಲು. ನೀನು ಕೊಟ್ಟ ಆ ಎಂಟು ದಿನ ನನಗೆ ಬೇಡವಾಗಿತ್ತು ಅಕ್ಕ. ನಿನಗೆ ಒಂದು ಗಂಟೆ ಅಮ್ಮ ಹೆಚ್ಚು ಸಿಕ್ಕಳು ಎಂದು ನೀನು ಲೆಕ್ಕ ಹಾಕಿದೆ. ನನ್ನ ಲೆಕ್ಕ ಬೇರೆ. ನನಗೆ ನಿನ್ನ ಪಕ್ಕ ಕೂತು ಬಾಯಿಗೆ ನೀರು ಬಿಡುವುದಿತ್ತು. ಕತ್ತು ಎಡಕ್ಕೆ ವಾಲುವುದನ್ನು ಕಾಗದದಲ್ಲಿ ಓದಿ ಕ್ಯಾಮೆರಾ ಮುಂದೆ ಮಾಡಿದೆ, ಕಣ್ಣಾರೆ ನೋಡಿ ಹಿಡಿದುಕೊಳ್ಳುವುದಿತ್ತು. ಇನ್ನೂ ಬೇಕು, ಸಣ್ಣದನ್ನೂ ಬಿಡಬೇಡ ಎಂದು ಬರೆದೆನಲ್ಲ, ಆ ಸಾಲು ನೆನಪಾದಾಗ ಈಗಲೂ ಕೈ ಕಚ್ಚಿಕೊಳ್ಳುತ್ತೇನೆ. ನೀನು ಸಾಯುತ್ತಾ ಸಾಯುತ್ತಾ ಒಂದೊಂದನ್ನೇ ಬರೆದು ಕಳಿಸಿದೆ, ನಾನು ಒಂದೊಂದಕ್ಕೇ ಚಪ್ಪಾಳೆ ಹೊಡೆಸಿಕೊಂಡೆ.

ಸಿನಿಮಾ ಬಂದಿದೆ. ಹಸಿವನ್ನು ಹೀಗೆ ಯಾರೂ ಆಡಿರಲಿಲ್ಲ ಎಂದು ಪತ್ರಿಕೆಗಳಲ್ಲಿ ಬರೆದರು. ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕೊರಳಿನ ಕೀಲಿ ಹಿಡಿದುಕೊಂಡು ಕೂತಿದ್ದರು. ಸಿನಿಮಾದ ಕೊನೆಯಲ್ಲಿ ನಿನ್ನ ಹೆಸರು ಹಾಕಿಸಿದ್ದಾರೆ, ನನ್ನ ಹೆಸರಿಗಿಂತ ಮೊದಲು. ಮುಂಗಾಲು ಮುಂದೆಯೇ ಬರಬೇಕಲ್ಲ.

ಭಾವ ನೋಡಲು ಬರುವುದಿಲ್ಲ ಎಂದೇ ಹಟ ಹಿಡಿದಿದ್ದರು. ನಿನ್ನೆ ಸಂಜೆ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಥಿಯೇಟರು ತುಂಬಿತ್ತು. ನಮ್ಮದು ಮಧ್ಯದ ಸಾಲು. ಕುರ್ಚಿಯ ದೃಶ್ಯ ಬಂತು. ಅವರು ನನ್ನ ಮುಂಗೈ ಹಿಡಿದುಕೊಂಡರು. ಮೆಟ್ಟಿಲ ದೃಶ್ಯದಲ್ಲಿ ಧೂಳು ಒರೆಸಿದಾಗ, "ಇಸ್ತ್ರಿಯವನು ಎಲ್ಲಿ?" ಎಂದು ಪಿಸುಗುಟ್ಟಿದರು. ನನಗೆ ಆಗಲೇ ಕತ್ತಲಲ್ಲಿ ಪರದೆ ಮಸುಕಾಗಿ ಕಾಣತೊಡಗಿತ್ತು. ಪರದೆಯ ಮೇಲೆ ಇದ್ದವಳು ನಾನಲ್ಲ, ನಾನು ನೋಡಲು ಬಾರದೆ ಉಳಿದ ನೀನು. ಇಡೀ ಊರು ನಿನ್ನನ್ನು ನೋಡುತ್ತಿತ್ತು.

ಆಮೇಲೆ ತಟ್ಟೆ ಬಂತು. ನಾನು ಹಿಂದಕ್ಕೆ ಸರಿದೆ. ಕಣ್ಣು ಮುಚ್ಚಿ ವಾಸನೆ ನೋಡಿದೆ. ಕಣ್ಣು ಬಿಟ್ಟೆ. ಅಲ್ಲಿ ನಿರ್ದೇಶಕರು ಸಂಗೀತವನ್ನೂ ಹಾಕಿಲ್ಲ, ಪೂರ್ತಿ ಮೌನ. ಥಿಯೇಟರಿನಲ್ಲಿ ಮೂಗು ಏರಿಸುವ ಸದ್ದು ಮಾತ್ರ.

ಆಗ ಭಾವ ನಕ್ಕರು.

ಮೂಗಿನಿಂದ ಒಂದು ಸಣ್ಣ ಉಸಿರು, ಆಮೇಲೆ ಭುಜ ಅಲುಗತೊಡಗಿತು. ಮುಂದಿನ ಸಾಲಿನವರು ತಿರುಗಿ ನೋಡಿ, "ಸ್ವಲ್ಪನಾದ್ರೂ ಮನುಷ್ಯತ್ವ ಬೇಡ್ವೇನ್ರಿ?" ಎಂದು ಬೈದರು. ನನಗೂ ಒಂದು ಕ್ಷಣ ಸಿಟ್ಟು ಬಂತು. "ಭಾವ, ಏನಾಯ್ತು?" ಎಂದೆ. ಅವರು ಕಣ್ಣೊರೆಸಿಕೊಳ್ಳುತ್ತಾ, "ಇಲ್ಲಿ ಅವಳು ನಗ್ತಿದ್ಲು ಕಣಮ್ಮ. ದಿನಾ ತಟ್ಟೆ ಇಟ್ಟಾಗ, ಸರಿಯಾಗಿ ಇಷ್ಟೊತ್ತಿಗೇ. ನೀನು ಖಾಲಿ ಬಿಟ್ಟೆ. ನನಗೆ ತಡೆಯೋಕಾಗ್ಲಿಲ್ಲ" ಅಂದರು.

ಇಷ್ಟು ವರ್ಷ ನಿನ್ನ ಪ್ರತಿ ತಮಾಷೆಗೂ ಡೋಲಿನ ಪೆಟ್ಟು ಕೊಟ್ಟವರು ಅವರು. ಖಾಲಿ ಬಿಟ್ಟ ಜಾಗ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಮಿಕ್ಕಿದ್ದೆಲ್ಲ ನಿನ್ನ ಮೈಯಿಂದಲೇ ಬಂದದ್ದು ಎಂದು ತಿಳಿದ ಮೇಲೂ ಆ ನಗು ಒಂದನ್ನು ಮಾತ್ರ ನಿನ್ನ ಹಳೆಯ ಚಾಳಿ ಎಂದೇ ನಾನು ನಂಬಿಕೊಂಡಿದ್ದೆ. ಎಲ್ಲಕ್ಕಿಂತ ಒಳ್ಳೆಯದು ಎಂದು ನೀನು ಕೊಟ್ಟಿದ್ದೆ, ಅದನ್ನೇ ನಾನು ನಾಟಕ ಅಂದುಬಿಟ್ಟೆ. ಸಿನಿಮಾ ಇನ್ನು ಬದಲಾಗುವುದಿಲ್ಲ ಅಕ್ಕ. ಎಲ್ಲಿ ತೋರಿಸಿದರೂ, ಎಷ್ಟು ವರ್ಷ ತೋರಿಸಿದರೂ, ಆ ಜಾಗದಲ್ಲಿ ನಾನು ಹಾಗೇ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ಪರದೆಯ ಮೇಲೆ ತಟ್ಟೆ ಇನ್ನೂ ಇತ್ತು. ಅದು ನನ್ನನ್ನು ನೋಡಿತು. ಭಾವನ ಭುಜ ನನ್ನ ಭುಜಕ್ಕೆ ತಾಗಿ ಅಲುಗುತ್ತಿತ್ತು. ನನ್ನ ಮೂಗಿನಿಂದಲೂ ಒಂದು ಉಸಿರು ಬಂತು, ಆಮೇಲೆ ತಡೆಯಲು ಆಗಲೇ ಇಲ್ಲ. ಸುತ್ತ ನೂರಾರು ಜನ ಅಳುತ್ತಿದ್ದರು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಬೈಸಿಕೊಳ್ಳುತ್ತಾ, ದೀಪ ಹತ್ತುವವರೆಗೂ ನಕ್ಕೆವು.

ಎಷ್ಟು ಜನ ನಕ್ಕರು ಎಂದು ತಾನೇ ನಿನ್ನ ಮೊದಲ ಪ್ರಶ್ನೆ?

ಇಬ್ಬರು, ಅಕ್ಕ.

ನಿನ್ನ ಹಿಂಗಾಲು